ಸದ್ದಿಲ್ಲದ ಪಂಪು

ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂದು ಮೀನು ಸಾಕುವ ಸಾಮಾನಿನ ಅಂಗಡಿಯ ಮಾಯ್ ಕೂ ಎರಡನೆಯ ಸಲ ಕೇಳಿದಾಗ ಆರ್ಲಿನ್ ಬ್ರೆಕೆ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ, ತೋರಿಸಿದವನು ಇಳಿಸುವುದನ್ನು ಮರೆತ. ಅಂಗೈ ಕೆಳಗೆ ಬೆಚ್ಚಗಿರಬೇಕಿತ್ತು, ಚರ್ಮ ಒಂದು ಸಲ ಅದುರಬೇಕಿತ್ತು. ನಲವತ್ತು ವರ್ಷ ಅದೇ ಎತ್ತರದಲ್ಲಿ ಹಸುಗಳ ಬೆನ್ನ ಮೇಲೆ ಇಟ್ಟ ಕೈ ಅದು, ಈಗ ಬರೀ ಗಾಳಿಯ ಮೇಲೆ ಕೂತಿತ್ತು. ಅಡಿಯಲ್ಲಿ ಹೇಳಿ ಎಂದಳು ಅವಳು. ಅವನಿಗೆ ಗೊತ್ತಿರಲಿಲ್ಲ. ಪಂಪು ಕೊಳ್ಳಲು ಹೊರಟವನು ಮನೆಯಲ್ಲೇ ಅಳೆದುಕೊಂಡು ಬರಬೇಕೆಂಬಷ್ಟು ಬುದ್ಧಿಯೂ ತನಗೆ ಓಡಲಿಲ್ಲವಲ್ಲ ಎಂದು ನಾಚಿಕೆಯಾಗುವಷ್ಟರಲ್ಲಿ ಅವಳು ಟೇಪು ತಂದು, ಕೈ ಹಾಗೇ ಇರಲಿ ಎಂದು ಹೇಳಿ, ಅಂಗಡಿಯ ನಟ್ಟನಡುವೆ ನೆಲದಿಂದ ಅವನ ಅಂಗೈವರೆಗೆ ಅಳೆದೇಬಿಟ್ಟಳು. ಅವಳ ಅಂಗಡಿ ಇರುವುದು ದನದ ಮೇವಿನ ಮಳಿಗೆಯ ಹಿಂಬದಿಗೆ. ಊರಿನ ಹಸು ಕಟ್ಟಿದವರೆಲ್ಲ ಅದೇ ಬಾಗಿಲಲ್ಲಿ ಓಡಾಡುತ್ತಾರೆ. ಬಟ್ಟೆಯಂಗಡಿಯ ಗೊಂಬೆಯ ಹಾಗೆ ಕೈ ಚಾಚಿ ನಿಂತವನನ್ನು ನೋಡಿ ನೆರೆಯ ಹೊಲದ ಸ್ಕೋಗ್ ಹೆಗಲ ಮೇಲಿನ ಮೇವಿನ ಚೀಲವನ್ನೂ ಇಳಿಸದೆ ನಿಂತ. "ಏನಪ್ಪಾ ಆರ್ಲಿನ್, ಮೀನಿಂದಲೂ ಎರಡು ಹೊತ್ತು ಹಾಲು ಕರೀಬೇಕೇನು?" ಎಂದ. ಅಲ್ಲಿದ್ದವರು ನಕ್ಕರು. ಆರ್ಲಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ಮುಗಿದ ಮೇಲೂ ಬಾಯಿ ಮುಚ್ಚಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾಯ್ ಕೂ ಮಾತ್ರ ನಗಲಿಲ್ಲ. ಅವಳು ನಗದೆ ಇದ್ದದ್ದೇ ಹೆಚ್ಚು ಚುಚ್ಚಿತು. ಟ್ಯಾಂಕಿನಲ್ಲಿರುವ ಅಷ್ಟೂ ನೀರು ಗಂಟೆಗೊಮ್ಮೆಯಾದರೂ ಮೇಲೆ ಹೋಗಿ ಬರಬೇಕು, ಎತ್ತರ ಹೆಚ್ಚಿದಷ್ಟೂ ಪಂಪಿನ ಕಸುವು ಕಡಿಮೆಯಾಗುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತಗೊಳ್ಳಿ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಮೀನು ಕೊಳಕು ಮಾಡಿದ ನೀರು ಮೇಲಿನ ಜಲ್ಲಿಗೆ ಹೋಗುತ್ತದೆ, ಜಲ್ಲಿಯಲ್ಲಿ ಬೇರು ಬಿಟ್ಟ ಲೆಟಿಸ್ ಸೊಪ್ಪು ಅದನ್ನು ಉಂಡು ನೀರನ್ನು ತಿಳಿಯಾಗಿಸಿ ಕೆಳಕ್ಕೆ ಬಿಡುತ್ತದೆ, ಮಣ್ಣು ಬೇಡ, ಗೊಬ್ಬರ ಬೇಡ. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಟ್ಯಾಂಕು ಯಾವುದು ಎಂದು ಅವಳು ಕೇಳಿದಳು. ಅದನ್ನು ಹೇಳುವುದೇ ಅವನಿಗೆ ಕಷ್ಟ. ಮೊದಲು ಅಂಗಳದಲ್ಲಿದ್ದ ದನ ನೀರು ಕುಡಿಯುವ ತಗಡಿನ ತೊಟ್ಟಿಯನ್ನು ನೋಡಿದ್ದ, ಅದರ ಸತುವಿನ ಲೇಪ ಮೀನಿಗೆ ವಿಷ ಎಂದು ಇವಳೇ ಬೇಡ ಅಂದಿದ್ದಳು. ಯಾರೋ ಬಳಸಿ ಬಿಟ್ಟ ಪ್ಲಾಸ್ಟಿಕ್ ಡ್ರಮ್ಮುಗಳಿದ್ದವು, ಅದರಲ್ಲಿ ಹಿಂದೆ ಏನು ತುಂಬಿದ್ದರೋ ಯಾರಿಗೆ ಗೊತ್ತು. ಕೊನೆಗೆ ಉಳಿದದ್ದು ಕೊಟ್ಟಿಗೆಗೆ ಅಂಟಿಕೊಂಡ ಹಾಲುಕೋಣೆಯಲ್ಲಿದ್ದ ದೊಡ್ಡ ಸ್ಟೀಲ್ ಟ್ಯಾಂಕು, ಹಾಲಿನ ಲಾರಿ ಬರುವವರೆಗೆ ಹಾಲು ತಣ್ಣಗಿಡುತ್ತಿದ್ದದ್ದು. ಅದು ಅಣ್ಣ ಸೆಲ್ಮರನದು. ಪಾಲು ಮಾಡಿಕೊಂಡಿದ್ದಲ್ಲ, ಆದರೆ ಲಾರಿ ಹೋದ ಮೇಲೆ ಅದನ್ನು ತೊಳೆದು, ತನ್ನ ಮುಖ ಕಾಣುವವರೆಗೆ ಒರೆಸುತ್ತಿದ್ದವನು ಸೆಲ್ಮರ್, ಬೇರೆ ಯಾರನ್ನೂ ಅವನು ಮುಟ್ಟಗೊಡುತ್ತಿರಲಿಲ್ಲ. ಇದನ್ನೆಲ್ಲ ಹೇಳದೆ ಆರ್ಲಿನ್, "ಸ್ಟೀಲಿಂದು" ಎಂದಷ್ಟೇ ಹೇಳಿದ.

ಸ್ಟೀಲಿನದು ಒಳ್ಳೆಯದೇ ಎಂದಳು ಮಾಯ್ ಕೂ, ಮೊದಲ ಸಲ ಒಯ್ದ ಮೀನು ಸತ್ತದ್ದು ಟ್ಯಾಂಕಿನಿಂದಲ್ಲ, ತಾನೇ ದಾರಿಗೆ ನೀರು ಕಮ್ಮಿ ಹಾಕಿ ಕಳಿಸಿದ್ದೆನೇನೋ ಎಂದು ಮತ್ತೊಮ್ಮೆ ಬೇಜಾರು ಮಾಡಿಕೊಂಡಳು. ಆರ್ಲಿನ್ ನೆಲ ನೋಡಿದ. ಆ ಪರ್ಚ್ ಮೀನುಗಳನ್ನು ಕೊಂದವನು ಅವನೇ. ಹಾಲಿನ ಟ್ಯಾಂಕು ತೊಳೆದ ಮೇಲೆ ಕೊನೆಯಲ್ಲಿ ಕ್ಲೋರಿನ್ ನೀರು ಆಡಿಸಿ ಬಿಡುವುದು ಹಾಲಿನವರ ಕೈಗೆ ಅಂಟಿದ ಚಾಳಿ, ತಲೆಯನ್ನು ಕೇಳಿ ಮಾಡುವ ಕೆಲಸವಲ್ಲ. ಮೀನು ಬಿಡುವ ದಿನ ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಡಬ್ಬಿ ತೆಗೆದು, ಅಳತೆ ಸುರಿದು, ಮೂಲೆ ಮೂಲೆಗೂ ಆಡಿಸಿ, ಬಾವಿಯ ನೀರು ತುಂಬಿ, ಮೀನು ಬಿಟ್ಟಿದ್ದ. ಸಂಜೆಯ ಹೊತ್ತಿಗೆ ಅವು ಹಳದಿ ಹೊಟ್ಟೆ ತೋರಿಸಿ ಮಗ್ಗುಲಾಗಿ ತೇಲುತ್ತಿದ್ದವು. ಅವನ್ನು ಬಲೆಯಲ್ಲಿ ಎತ್ತುವಾಗ ಅವನಿಗೆ ಬಂದ ಯೋಚನೆ ಒಂದೇ: ಸೆಲ್ಮರನಿಗೆ ತಿಳಿಯದ ಹಾಗೆ ಈ ಕೊಟ್ಟಿಗೆಯಿಂದ ನಾನು ಸಾಗಿಸುತ್ತಿರುವುದು ಇದು ಎರಡನೆಯ ಸಲ. ಮಾಯ್ ಕೂಗೆ ಮಾತ್ರ ದಾರಿಯ ಕುಲುಕಾಟಕ್ಕೆ ಸತ್ತವು ಎಂದಿದ್ದ. ಪಾಪ, ನಂಬಿ ಬೇರೆ ಮೀನು ಕೊಟ್ಟಿದ್ದಳು.

"ಸದ್ದಿಲ್ಲದ್ದು ಕೊಡಿ" ಎಂದ ಈಗ. ಅವಳು ಎರಡು ಪಂಪು ತಂದು ಮೇಜಿನ ಮೇಲಿಟ್ಟಳು. ಒಂದು ಟ್ಯಾಂಕಿನ ಹೊರಗೆ ಕೂತು ಗುಂಯ್ ಎನ್ನುವುದು, ಇನ್ನೊಂದು ನೀರಿನೊಳಗೆ ಮುಳುಗಿಸಿಡುವುದು, ಕಪ್ಪಗೆ, ಮುಷ್ಟಿಯಷ್ಟು. ಹೊರಗಿನದನ್ನೇ ತಗೊಳ್ಳಿ ಎಂಬುದು ಅವಳ ಮಾತು. ಅವಳ ತಾಯಿ ಆ ಗುಂಯ್ ಸದ್ದಿನಲ್ಲೇ ನಿದ್ದೆ ಮಾಡುತ್ತಾಳಂತೆ, ಸದ್ದು ನಿಂತರೆ ಎದ್ದು ಕೂರುತ್ತಾಳಂತೆ. ಆರ್ಲಿನ್ ಕಪ್ಪಗಿನದನ್ನು ಕೈಗೆತ್ತಿಕೊಂಡ. "ಅದು ಸದ್ದು ಮಾಡಲ್ಲ," ಎಂದಳು ಅವಳು, "ನಿಂತುಹೋದಾಗಲೂ ಸದ್ದು ಮಾಡಲ್ಲ. ಯೋಚನೆ ಮಾಡಿ." ಅವನು ಯೋಚನೆ ಮಾಡಿಯೇ ಬಂದಿದ್ದ. ಆ ಕೊಟ್ಟಿಗೆಯಿಂದ ಇನ್ನೊಂದು ಪಂಪಿನ ಸದ್ದು ಹೊರಟು ಮನೆಯ ಕಿಟಕಿಯ ಬಳಿ ಕೂತ ಸೆಲ್ಮರನ ಕಿವಿಗೆ ಬೀಳಬಾರದು. ಪಂಪಿನ ಸದ್ದಿನಲ್ಲಿ ಒಬ್ಬ ಮನುಷ್ಯ ಹೇಳಬಹುದಾದಷ್ಟು ಸುಳ್ಳನ್ನು ಅವನು ಆಗಲೇ ಹೇಳಿ ಆಗಿತ್ತು.

ವಾಪಸು ಬರುವ ದಾರಿಯಲ್ಲಿ ಜೋಳ ಕೊಯ್ದ ಹೊಲಗಳ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ಪಕ್ಕದ ಸೀಟಿನ ಮೇಲೆ ಪಂಪಿನ ಪೆಟ್ಟಿಗೆ. ಅವತ್ತು ಹಸು ಒಯ್ಯುವ ಲಾರಿ ಬಂದಾಗಲೂ ಬಿಸಿಲು ಹೀಗೇ ಮಂಕಾಗಿತ್ತು, ಆದರೆ ಅದು ಆಗಸ್ಟ್, ಹೊಗೆಯೋ ಮಂಜೋ ಏನೋ. ಸೆಲ್ಮರನಿಗೆ ಪಾರ್ಶ್ವವಾಯು ಹೊಡೆದು, ಆಸ್ಪತ್ರೆಯಿಂದ ಕೈಕಾಲಿಗೆ ಮತ್ತೆ ಬಲ ಬರಿಸುವ ಆರೈಕೆ ಕೇಂದ್ರಕ್ಕೆ ಸಾಗಿಸಿದ್ದರು. ಒಬ್ಬನೇ ಎರಡು ಹೊತ್ತು ಎರಡು ಸಾಲು ಕರೆಯಲು ಆರ್ಲಿನ್‌ನ ಮಂಡಿಗಳಿಂದ ಆಗುತ್ತಿರಲಿಲ್ಲ. ಇದು ನಿಜ. ಹಸು ಮಾರುವ ಮೊದಲು ಅಣ್ಣನನ್ನು ಕೇಳಬಹುದಿತ್ತು, ಕೇಳಲಿಲ್ಲ, ಇದೂ ನಿಜ. ಈಗ ಹೇಳಿದರೆ ಅವನ ಜೀವಕ್ಕೇ ಕುತ್ತು, ಆಮೇಲೆ ಹೇಳಿದರಾಯಿತು ಎಂದು ಹೆಂಡತಿ ಬೆವರ್ಲಿ ಹೇಳಿದಾಗ ಅವನಿಗೆ ಆದದ್ದು ದುಃಖವಲ್ಲ, ನಿರಾಳ. ಎಡಸಾಲಿನ ಹಸುಗಳು ಸೆಲ್ಮರನವು, ಬಲಸಾಲಿನವು ಇವನವು. ಬಲಸಾಲಿನ ಮೂರನೆಯ ಗೂಟದ ಡೊಲೋರೆಸ್ ಒದೆಯುವ ಹಸು, ಹನ್ನೊಂದು ವರ್ಷ ಅವಳ ಹಿಂದೆ ಹಾಯುವಾಗೆಲ್ಲ ಇವನು ಒಂದು ಹೆಜ್ಜೆ ಪಕ್ಕಕ್ಕೆ ಹಾರಿಯೇ ಹೋಗುತ್ತಿದ್ದದ್ದು, ಅದನ್ನು ನೋಡಿ ಸೆಲ್ಮರ್ ಆಚೆ ಸಾಲಿನಿಂದ ನಗುತ್ತಿದ್ದದ್ದು. ಲಾರಿ ಹತ್ತಿಸುವಾಗ ಅವಳು ಒದೆಯಲಿಲ್ಲ. ತಲೆ ತಗ್ಗಿಸಿ ಹಲಗೆ ಹತ್ತಿ ಒಳಗೆ ಹೋಗಿ ನಿಂತಳು, ಯಾರೋ ಮೊದಲೇ ಹೇಳಿಟ್ಟ ಹಾಗೆ.

ಅವತ್ತೇ ಸಂಜೆ ಐದಕ್ಕೆ ಜೇಬಿನ ಫೋನು ಹೊಡೆದುಕೊಂಡಿತು. ಹಾಲು ಕರೆಯುವ ಹೊತ್ತಿಗೆ ಅಲ್ಲಿನ ನರ್ಸಿನ ಕೈಯಲ್ಲಿ ಫೋನು ಹಚ್ಚಿಸುವುದು ಸೆಲ್ಮರನ ರೂಢಿ. ಮಾತು ಆಗಿನ್ನೂ ನೆಟ್ಟಗೆ ಬರುತ್ತಿರಲಿಲ್ಲ, "ಕೇಳಿಸು" ಎಂದಷ್ಟೇ ಅನ್ನುತ್ತಿದ್ದ, ಆರ್ಲಿನ್ ಫೋನನ್ನು ಕೊಟ್ಟಿಗೆಯ ಕಡೆ ಹಿಡಿಯುತ್ತಿದ್ದ. ಗಾಳಿ ಎಳೆಯುವ ದೊಡ್ಡ ಪಂಪಿನ ಗುಡುಗು, ಕರೆಯುವ ಮೆಷಿನ್ನುಗಳ ಟಿಕ್ ಟಿಕ್, ರೇಡಿಯೋದಲ್ಲಿ ಹವಾಮಾನದ ವರದಿ, ಕೆಮ್ಮುವ ಒಂದೆರಡು ಹಸು. ಅವತ್ತು ಬರಿದಾದ ಕೊಟ್ಟಿಗೆಯ ನಡುವೆ ನಿಂತಿದ್ದವನು "ತಡಿ" ಎಂದು ಹೇಳಿ ಓಡಿಹೋಗಿ ಪಂಪಿನ ಸ್ವಿಚ್ಚು ಹಾಕಿದ. ಮೆಷಿನ್ನುಗಳು ಗಾಳಿಯಲ್ಲಿ ನೇತಾಡುತ್ತಲೇ ಟಿಕ್ ಟಿಕ್ ಶುರುಮಾಡಿದವು, ನಲವತ್ತು ಖಾಲಿ ಗೂಟಗಳ ನಡುವೆ. ಸೆಲ್ಮರ್ ಆಚೆಯಿಂದ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿಕೊಂಡ. "ಹ್ಞೂ. ಸರಿ" ಎಂದ. ಮರುದಿನದಿಂದ ಆರ್ಲಿನ್ ಐದಕ್ಕೆ ಮೊದಲೇ ಹೋಗಿ ರೇಡಿಯೋ ಹಚ್ಚಿ, ಮೆಷಿನ್ನು ನೇತುಹಾಕಿ, ಫೋನಿಗೆ ಕಾದು ನಿಲ್ಲತೊಡಗಿದ. ಇಲ್ಲದ ಹಸುಗಳನ್ನು ಪಂಪು ಕರೆಯುತ್ತಿತ್ತು, ಕೊಳವೆಗಳು ಹೀರುತ್ತಿದ್ದವು, ಯಾರೂ ಒದೆಯುತ್ತಿರಲಿಲ್ಲ. ಸೆಲ್ಮರ್ ಮನೆಗೆ ಬರುವ ಹಿಂದಿನ ದಿನ ಆ ಪಂಪಿನ ಬೆಲ್ಟನ್ನು ಬಿಚ್ಚಿ ಮನೆಯ ನೆಲಮಾಳಿಗೆಯ ಮೆಟ್ಟಿಲ ಬಳಿ ಮೊಳೆಗೆ ನೇತುಹಾಕಿದ, ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಿದ.

ಸೆಲ್ಮರ್ ಕೇಳಿದ್ದರೆ ಹೇಳಿಬಿಡುತ್ತಿದ್ದ. ಕಾರು ಅಂಗಳಕ್ಕೆ ಬಂದಾಗ ಅವನು ಕೊಟ್ಟಿಗೆಯನ್ನು ನೋಡಿದ, ಸಗಣಿಯಿಲ್ಲದ ಅಂಗಳ ನೋಡಿದ, ಊರುಗೋಲು ಕೊಡು ಎಂದು ಬಲಗೈ ಚಾಚಿದ. ಅಷ್ಟೇ. ಅವತ್ತಿನಿಂದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೊಟ್ಟಿಗೆಯ ಕಡೆ ಮುಖ ಮಾಡಿ ಕೂರುತ್ತಾನೆ. ಮಾತು ಈಗ ಬಹಳ ಸುಧಾರಿಸಿದೆ, ಊಟದ ಬಗ್ಗೆ, ಚಳಿಯ ಬಗ್ಗೆ, ಸ್ಕೋಗ್‌ನ ಟ್ರ್ಯಾಕ್ಟರಿನ ಬಗ್ಗೆ ಆಡುತ್ತಾನೆ, ಹಸುವಿನ ಸುದ್ದಿ ಮಾತ್ರ ಎತ್ತುವುದಿಲ್ಲ. "ಮರೆತುಬಿಟ್ಟಿದ್ದಾನೆ ಕಣೋ, ತಲೆಗೆ ಪೆಟ್ಟು ಬಿದ್ದಿಲ್ವಾ" ಎಂದು ಬೆವರ್ಲಿ ಸಮಾಧಾನ ಹೇಳಿದ್ದಳು. ಅಣ್ಣನ ತಲೆ ಹಾಳಾಗಿರಲಿ ಎಂದು ತಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವುದು ಗೊತ್ತಾದ ದಿನ ಆರ್ಲಿನ್ ಊಟ ಬಿಟ್ಟು ಎದ್ದಿದ್ದ. ಮೀನು ಸಾಕುವ ಯೋಚನೆ ಬಂದದ್ದು ಆಮೇಲೆ. ಬೇಯಿಸಿದರೆ ಊರ ರೂಢಿಯಂತೆ ಶುಕ್ರವಾರದ ಊಟಕ್ಕೆ ಮೀನಾಯಿತು, ಚಳಿಗಾಲಕ್ಕೆ ಸೊಪ್ಪಾಯಿತು ಎಂದು ಬೆವರ್ಲಿಗೆ ಹೇಳಿದ. ಒಳಗಿದ್ದದ್ದು ಬೇರೆ. ಹಾಲುಕೋಣೆಯಲ್ಲಿ ಉಸಿರಾಡುವಂಥದ್ದು ಏನಾದರೂ ಇದ್ದರೆ ಸೆಲ್ಮರ್ ಒಂದು ದಿನ ತಾನಾಗಿ ಎದ್ದು ಅಲ್ಲಿಗೆ ಬಂದಾನು, ಬಂದರೆ ತನ್ನನ್ನು ಬೈದಾನು, ಬೈದರೆ ತಾನು ಬದುಕಿಕೊಂಡೇನು.

ಒಂದನ್ನು ಮಾತ್ರ ಅವನು ಹೆಂಡತಿಗೂ ಹೇಳಿರಲಿಲ್ಲ. ಎರಡನೆಯ ಸಲದ ಮೀನು ಬಿಟ್ಟ ಮೇಲೆ, ಸಂಜೆ ಲೆಟಿಸ್ ಸಸಿಗಳನ್ನು ಜಲ್ಲಿಯಲ್ಲಿ ನೆಡುತ್ತಿದ್ದಾಗ, ಗೋಡೆಯಾಚೆ ಕೊಟ್ಟಿಗೆಯಲ್ಲಿ ಪಂಪು ಶುರುವಾಯಿತು. ಮೊದಲು ಗುಡುಗು, ಆಮೇಲೆ ಸಾಲಾಗಿ ಟಿಕ್ ಟಿಕ್. ಅಗುಳಿ ತೆಗೆದು ನೋಡಿದರೆ ಕತ್ತಲು, ಒಣ ಹುಲ್ಲಿನ ವಾಸನೆ, ಬೆಲ್ಟಿಲ್ಲದ ಗಾಲಿ. ತಿರುಗಿ ಬಂದಾಗ ಟ್ಯಾಂಕಿನ ಮೀನೆಲ್ಲ ಕೊಟ್ಟಿಗೆಯ ಗೋಡೆಯ ಮಗ್ಗುಲಿಗೆ ಸೇರಿದ್ದವು. ಸುಮ್ಮನೆ ಗುಂಪಾಗಿ ಅಲ್ಲ. ಎರಡು ಸಾಲು, ಪಕ್ಕ ಪಕ್ಕಕ್ಕೆ, ತಲೆ ಗೋಡೆಗೆ ಇಟ್ಟು, ಬಾಲ ಅಲುಗಿಸುತ್ತ, ತಮ್ಮ ತಮ್ಮ ಜಾಗ ಗೊತ್ತಿದ್ದವರ ಹಾಗೆ. ಮರುದಿನವೂ ಹಾಗೇ, ಅದರ ಮರುದಿನವೂ. ಇವತ್ತು ಅಂಗಡಿಯಲ್ಲಿ, ಬೇರೆ ಯಾರದೋ ಮೀನಿನ ವಿಷಯ ಎನ್ನುವ ಹಾಗೆ ಕೇಳಿದಾಗ, ಮೀನು ಯಾವಾಗಲೂ ನೀರು ಹರಿದುಬರುವ ಕಡೆಗೆ ಮುಖ ಮಾಡುತ್ತದೆ ಎಂದಿದ್ದಳು ಮಾಯ್ ಕೂ. ಅವನ ಟ್ಯಾಂಕಿನಲ್ಲಿ ನೀರು ಎಲ್ಲಿಂದಲೂ ಹರಿಯುತ್ತಿರಲಿಲ್ಲ. ಒಂದು ಪುಟ್ಟ ಗಾಳಿಯ ಗುಳ್ಳೆಯ ಯಂತ್ರ, ಅದೂ ಆಚೆ ಬದಿಗೆ.

ಮಧ್ಯಾಹ್ನವಿಡೀ ಪಂಪು ಕೂರಿಸುವುದರಲ್ಲಿ ಹೋಯಿತು. ಅದನ್ನು ಟ್ಯಾಂಕಿನ ತಳಕ್ಕೆ, ಬೇಕೆಂದೇ ಗೋಡೆಯಿಂದ ದೂರದ ಮೂಲೆಯಲ್ಲಿಟ್ಟು, ಕೊಳವೆಯನ್ನು ಮೇಲಿನ ಜಲ್ಲಿಗೆ ಏರಿಸಿ, ವಾಪಸು ಬರುವ ನೀರೂ ಅದೇ ಮೂಲೆಗೇ ಬೀಳುವಂತೆ ಮಾಡಿದ. ಮೀನು ಹರಿವಿನ ಕಡೆಗೆ ತಿರುಗುವುದಾದರೆ ಇನ್ನು ಈ ಕಡೆಗೆ ತಿರುಗಲಿ. ಸ್ವಿಚ್ಚು ಹಾಕಿದಾಗ ಏನೂ ಆಗಲಿಲ್ಲವೆಂದೇ ಅಂದುಕೊಂಡ. ಆಮೇಲೆ ಜಲ್ಲಿಯ ಮೇಲೆ ನೀರು ಮಿನುಗಿತು, ಸಸಿಗಳ ಬುಡ ಒದ್ದೆಯಾಯಿತು, ಕೆಳಗೆ ಸಣ್ಣ ಧಾರೆ ಬಿತ್ತು. ಮೀನುಗಳು ಒಂದೊಂದಾಗಿ ಧಾರೆಯ ಕಡೆ ಬಂದವು. ಬಹಳ ದಿನದ ಮೇಲೆ ಆರ್ಲಿನ್‌ಗೆ ಸಂತೋಷವಾಯಿತು. ಆಗ ಬಾಗಿಲ ಹತ್ತಿರ ಊರುಗೋಲಿನ ಸದ್ದು ಕೇಳಿತು. ಸೆಲ್ಮರ್ ನಿಂತಿದ್ದ, ಹಿಂದೆ ಅಂಗಳದ ಹಿಮದಲ್ಲಿ ಅವನ ಎಡಗಾಲು ಎಳೆದ ಗೆರೆ. ದೀಪ ಹಚ್ಚುವ ಹೊತ್ತಾಗಿತ್ತು. ಅವನು ಒಳಬಂದು, ಬೋರಲಾಗಿದ್ದ ಬಕೆಟ್ಟಿನ ಮೇಲೆ ನಿಧಾನವಾಗಿ ಕೂತು, ಟ್ಯಾಂಕಿನ ಅಂಚನ್ನು ಬಲಗೈ ಹೆಬ್ಬೆರಳಿನಿಂದ ಉಜ್ಜಿ ನೋಡಿ, ಕಲೆ ಉಳಿದಿದೆ ಎಂದ. ತಾನು ಇಷ್ಟು ದಿನ ಕಾದದ್ದು ಈ ಗಳಿಗೆಗೇ ಎಂದು ಆರ್ಲಿನ್‌ಗೆ ಗೊತ್ತಿತ್ತು, ಗೊತ್ತಿದ್ದೂ ಓಡಿಹೋಗಬೇಕೆನಿಸಿತು.

"ಇದಕ್ಕೆ ಸದ್ದೇ ಇಲ್ವಲ್ಲ" ಎಂದ ಸೆಲ್ಮರ್.

"ಸದ್ದಿಲ್ಲದ್ದೇ ಕೊಡಿ ಅಂತ ಕೇಳಿ ತಂದೆ."

"ಯಾಕೆ, ನನಗೆ ಕೇಳಿಸಿಬಿಡುತ್ತೆ ಅಂತಲಾ?"

ಆರ್ಲಿನ್ ಒರೆಸುವ ಬಟ್ಟೆಯನ್ನು ಕೈಯಲ್ಲಿ ತಿರುವುತ್ತ ನಿಂತ. ಸೆಲ್ಮರ್ ಅವನನ್ನು ನೋಡಲಿಲ್ಲ, ಮೀನನ್ನು ನೋಡುತ್ತಲೇ ಒಂದೊಂದೇ ಮಾತನ್ನು ಹುಡುಕಿ ತೆಗೆದು ಹೇಳಿದ. "ಫೋನಲ್ಲಿ ಕೇಳಿಸ್ತಿದ್ದೆಯಲ್ಲ, ಹಸು ಹೋದ ಮೊದಲನೇ ದಿನವೇ ಗೊತ್ತಾಯ್ತು. ಪಂಪು ಲೋಡೇ ತಗೊಂಡಿರಲಿಲ್ಲ. ಕೆಚ್ಚಲು ಸಿಗದೆ ಸುಮ್ಮನೆ ಗಾಳಿ ಕುಡೀತಿತ್ತು. ನಲವತ್ತು ವರ್ಷ ಅದರ ಜೊತೆ ಕೆಲಸ ಮಾಡಿದವನಿಗೆ ಅಷ್ಟೂ ಗೊತ್ತಾಗಲ್ವೇನೋ?"

ಆರ್ಲಿನ್‌ನ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ದಿನ ರೇಡಿಯೋ ಹಚ್ಚಿದ್ದು, ಮೆಷಿನ್ನು ನೇತುಹಾಕಿದ್ದು, ಒಂದು ದಿನ ತಾನೇ ಹಸುವಿನ ಹಾಗೆ ಕೆಮ್ಮಿದ್ದು ಕೂಡ ಅಣ್ಣನಿಗೆ ಗೊತ್ತಿತ್ತು. "ಮತ್ತೆ ದಿನಾ ಯಾಕೆ ಫೋನ್ ಮಾಡಿಸ್ತಿದ್ದೆ?" ಎಂದ, ಸಿಟ್ಟಿನಿಂದಲೇ ಎಂಬಂತೆ.

"ನೀನೊಬ್ಬನೇ ಅಲ್ಲಿ ನಿಂತಿರ್ತಿದ್ದೆಯಲ್ಲ" ಎಂದ ಸೆಲ್ಮರ್. "ನಾನು ಮಾಡದೇ ಇದ್ದಿದ್ರೆ ನಿನಗೆ ಏನಂತ ಅನ್ನಿಸ್ತಿತ್ತು?"

ನಿನ್ನನ್ನು ಕೇಳದೆ ಮಾರಿದೆ ಎಂದಷ್ಟೇ ಆರ್ಲಿನ್ ಹೇಳಿದ, ಕೊನೆಗೂ. ಗೊತ್ತು ಎಂದ ಅಣ್ಣ, ಎರಡು ಸಾಲನ್ನೂ ಒಬ್ಬನೇ ಕರೆಯಲು ಆಗುವುದಿಲ್ಲ ಎನ್ನುವುದೂ ಗೊತ್ತು, ಆದರೂ ಕೇಳಬೇಕಿತ್ತು ಎಂದ. ಕೇಳಬೇಕಿತ್ತು ಎಂದ ಆರ್ಲಿನ್. ಅಲ್ಲಿಗೆ ಅದು ಮುಗಿಯಿತು. ಇಷ್ಟು ಸಣ್ಣದರಲ್ಲಿ ಮುಗಿಯುವಂಥದ್ದನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದೆನಲ್ಲ ಎಂದು ಅವನ ಕಣ್ಣು ತುಂಬಿತು. ಬಟ್ಟೆಯಿಂದ ಮುಖ ಒರೆಸಿಕೊಂಡ. ಅದಕ್ಕೆ ಮೀನಿನ ವಾಸನೆಯಿತ್ತು.

"ಒಂದೇ ನನಗೆ ತಿಳೀತಿಲ್ಲ," ಎಂದ ಸೆಲ್ಮರ್ ಆಗ. "ನಾನು ಮನೆಗೆ ಬಂದ ಮೇಲೂ ಸಂಜೆ ಸಂಜೆ ಪಂಪು ಹಾಕ್ತಿದ್ದೀಯಲ್ಲ, ಕಿಟಕಿಗೆ ಕೇಳುತ್ತೆ. ಅದರಲ್ಲಿ ಲೋಡ್ ಇದೆ. ಹಸು ಎಲ್ಲಿಂದ ತಂದೆ?"

ಬೆಲ್ಟು ನೆಲಮಾಳಿಗೆಯ ಮೊಳೆಯ ಮೇಲಿತ್ತು. ಬೆಳಿಗ್ಗೆ ಮೆಟ್ಟಿಲು ಇಳಿದು ಹತ್ತುವಾಗ ಹೆಗಲಿಗೆ ತಾಗಿತ್ತು ಕೂಡ. ಆರ್ಲಿನ್ ಅಣ್ಣನ ಮುಖ ನೋಡಿದ. ಅದರಲ್ಲಿ ಚೇಷ್ಟೆ ಇರಲಿಲ್ಲ. ಅವನಲ್ಲಿ ಎರಡು ಉತ್ತರಗಳಿದ್ದವು. ಹೌದು ನಾನೇ ಹಾಕುತ್ತಿದ್ದೇನೆ ಎನ್ನಬಹುದು, ಅದು ಸುಲಭ, ಅದರ ಅಭ್ಯಾಸ ಇದೆ. ನಿನಗೆ ಭ್ರಮೆ, ನನಗೇನೂ ಕೇಳುವುದಿಲ್ಲ ಎನ್ನಬಹುದು, ಅದು ಇನ್ನೂ ಸುಲಭ, ಬೆವರ್ಲಿಯೂ ಹ್ಞೂಗುಟ್ಟುತ್ತಾಳೆ. ಎರಡರಲ್ಲಿ ಯಾವುದನ್ನು ಹೇಳಿದರೂ ಇನ್ನು ಸಾಯುವವರೆಗೆ ಈ ಕೋಣೆಯಲ್ಲಿ ತಾನೊಬ್ಬನೇ.

"ನಾನು ಹಾಕ್ತಿಲ್ಲ, ಸೆಲ್ಮರ್. ಬೆಲ್ಟ್ ಬಿಚ್ಚಿ ಬಹಳ ದಿನ ಆಯ್ತು."

"ನಿನಗೂ ಕೇಳುತ್ತಾ?"

"ಕೇಳುತ್ತೆ."

ಸೆಲ್ಮರ್ ತಲೆಯಾಡಿಸಿದ. ಅವನ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಬಹಳ ದಿನದಿಂದ ಒಬ್ಬನೇ ಹಿಡಿದುಕೊಂಡಿದ್ದ ಭಾರದ ಇನ್ನೊಂದು ತುದಿಗೆ ಯಾರೋ ಕೈ ಹಾಕಿದ ಹಾಗಿತ್ತು. ಅದನ್ನು ಆರಿಸು ಎಂದು ಟ್ಯಾಂಕಿನ ಕಡೆ ಸನ್ನೆ ಮಾಡಿದ. ಆರ್ಲಿನ್ ಸದ್ದಿಲ್ಲದ ಪಂಪನ್ನು ಆರಿಸಿದ. ಧಾರೆ ಸಣ್ಣಗಾಗಿ, ಹನಿಯಾಗಿ, ನಿಂತಿತು. ಸ್ವಲ್ಪ ಹೊತ್ತು ಮೀನುಗಳು ದಿಕ್ಕು ತಪ್ಪಿ ಸುತ್ತಿದವು. ಆಮೇಲೆ ಒಂದು ತಿರುಗಿತು, ಅದರ ಹಿಂದೆ ಇನ್ನೊಂದು, ಅವಸರವಿಲ್ಲದೆ ಎಲ್ಲವೂ ಕೊಟ್ಟಿಗೆಯ ಗೋಡೆಯ ಕಡೆ ಹೋಗಿ ಎರಡು ಸಾಲಾಗಿ ತಲೆಯಿಟ್ಟು ನಿಂತವು. ಗೋಡೆಯಾಚೆ ಗುಡುಗು ಏರಿತು. ಅದು ಗಾಳಿ ಕುಡಿಯುವ ಸದ್ದಲ್ಲ ಎಂದು ಈಗ ಆರ್ಲಿನ್‌ಗೂ ಗೊತ್ತಾಯಿತು. ಅಣ್ಣ ಹೇಳಿದ ಮೇಲೆ ಅದು ಗೊತ್ತಾಗದೇ ಇರುವುದು ಸಾಧ್ಯವಿರಲಿಲ್ಲ.

"ಏಳು ಹಾಗಾದ್ರೆ," ಎಂದು ಸೆಲ್ಮರ್ ಊರುಗೋಲಿಗೆ ಭಾರ ಕೊಟ್ಟು ತಾನೇ ಮೊದಲು ಎದ್ದ. "ಹೊತ್ತಾಯ್ತು."

ಆರ್ಲಿನ್ ಮೀನು ಸಾಯದಿರಲೆಂದು ಮೊದಲು ಪಂಪನ್ನು ಮತ್ತೆ ಹಾಕಿದ, ಆಮೇಲೆ ಕೊಟ್ಟಿಗೆಯ ಬಾಗಿಲ ಅಗುಳಿ ತೆಗೆದ. ದೀಪದ ಸ್ವಿಚ್ಚು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮುಟ್ಟಲಿಲ್ಲ. ಸೆಲ್ಮರ್ ಕಾಲೆಳೆಯುತ್ತ ಎಡಸಾಲಿಗೆ ಹೋದ, ಆರ್ಲಿನ್ ಬಲಸಾಲಿಗೆ ಹೊರಳಿದ. ಕತ್ತಲಲ್ಲಿ ಮೊದಲನೆಯ ಗೂಟ ದಾಟಿದ, ಎರಡನೆಯದು ದಾಟಿದ, ಮೂರನೆಯದರ ಹತ್ತಿರ ಬಂದಾಗ ಅವನ ಕಾಲುಗಳು ತಾವಾಗಿಯೇ ಒಂದು ಹೆಜ್ಜೆ ಪಕ್ಕಕ್ಕೆ ಹಾರಿದವು. ಏನೋ ಅವನ ಪ್ಯಾಂಟನ್ನು ಸವರಿಕೊಂಡು ಹೋಯಿತು, ಅಥವಾ ಗಾಳಿಯೇ ಇರಬಹುದು. ಆಚೆ ಸಾಲಿನಿಂದ ಅಣ್ಣನ ನಗು ಕೇಳಿತು.

"ಇನ್ನೂ ಹೆದರ್ತೀಯಲ್ಲೋ ಅವಳಿಗೆ" ಎಂದ ಸೆಲ್ಮರ್.